ರಾತ್ರಿ ಆಟ ನೋಡಲು ಕರಾವಳಿಗೆ ಹೊರಟವರಿಗೆ: ತಾರೀಕು ಹುಡುಕುವುದರಿಂದ ಮರುದಿನದ ತಿಂಡಿಯವರೆಗೆ

ಘಟ್ಟ ಇಳಿದು ಬಂದು ಯಕ್ಷಗಾನ ನೋಡಿ ಹೋದವರಲ್ಲಿ ತುಂಬಾ ಜನ ಹೇಳುವುದು ಒಂದೇ ಮಾತು: "ಸ್ವಲ್ಪ ಹೊತ್ತು ಚೆನ್ನಾಗಿತ್ತು, ಆಮೇಲೆ ಕಥೆ ತಲೆಬುಡ ಗೊತ್ತಾಗಲಿಲ್ಲ, ನಿದ್ದೆ ಬಂತು." ಇನ್ನು ಕೆಲವರಿಗೆ ಆಟವೇ (ಇಲ್ಲಿ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು) ಸಿಕ್ಕಿರುವುದಿಲ್ಲ. ಜೂನ್ ಕೊನೆಗೆ ಬಂದು ಹೋಟೆಲ್ ರಿಸೆಪ್ಷನ್‌ನಲ್ಲಿ ವಿಚಾರಿಸಿ, ಇಲ್ಲ ಅನ್ನಿಸಿಕೊಂಡು, ಬೀಚ್ ನೋಡಿ ವಾಪಸ್ ಹೋಗಿರುತ್ತಾರೆ. ಇದರಲ್ಲಿ ಆಟದ ತಪ್ಪೂ ಇಲ್ಲ, ನೋಡುವವರ ಆಸಕ್ತಿಯೂ ಕಡಿಮೆಯಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ ಅಷ್ಟೇ. ಮೊದಲು ರಜೆ, ಆಮೇಲೆ ರೂಮು, ಕೊನೆಗೆ ಆಟ. ಇದನ್ನು ತಿರುಗಿಸಿ ಮಾಡಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಮೊದಲು ತಿಂಗಳು ನೋಡಿ

ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಮುಗಿಯುವುದು ಪತ್ತನಾಜೆಗೆ. ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಆಸುಪಾಸು ಬರುತ್ತದೆ. ಅವತ್ತು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮಳೆಗಾಲ ಮುಗಿಯುವವರೆಗೆ ಬಯಲಿನಲ್ಲಿ ಆಟ ಇರುವುದು ಅಪರೂಪ.

ಈ ಆರೇಳು ತಿಂಗಳಲ್ಲಿ ನಾನು ಹೇಳುವುದು ಡಿಸೆಂಬರ್‌ನಿಂದ ಫೆಬ್ರವರಿ. ಗದ್ದೆ ಕೊಯ್ಲು ಮುಗಿದು ಬಯಲು ಒಣಗಿರುತ್ತದೆ, ರಾತ್ರಿ ತಂಪಿರುತ್ತದೆ, ಕಂಬಳವೂ ಜಾತ್ರೆಗಳೂ ಅದೇ ಹೊತ್ತಿಗೆ ಬರುತ್ತವೆ. ಏಪ್ರಿಲ್, ಮೇಯಲ್ಲಿ ಆಟಕ್ಕೆ ಕೊರತೆ ಇಲ್ಲ, ಆದರೆ ಸೆಕೆ ಜಾಸ್ತಿ. ಮೊದಲ ಸಲದವರು ಬೆವರು ಒರೆಸಿಕೊಳ್ಳುವುದರಲ್ಲೇ ಸುಸ್ತಾಗುತ್ತಾರೆ.

2. ಯಾವ ಆಟ ಬೇಕು ಅಂತ ತೀರ್ಮಾನಿಸಿ

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ ತೆಂಕುತಿಟ್ಟು ಶೈಲಿ. ಉಡುಪಿಯಿಂದ ಕುಂದಾಪುರ, ಹೊನ್ನಾವರದ ಕಡೆಗೆ ಬಡಗುತಿಟ್ಟು. ತೆಂಕಿನಲ್ಲಿ ದೊಡ್ಡ ಕಿರೀಟ, ಗಾಳಿಯಲ್ಲಿ ಸುತ್ತಿ ಬೀಳುವ ದಿಗಿಣ, ಅಬ್ಬರದ ಚೆಂಡೆ. ಬಡಗಿನಲ್ಲಿ ಮುಂಡಾಸು, ಕೇದಗೆ ಮುಂದಲೆ ಅನ್ನುವ ತಲೆಯುಡುಗೆ, ನೆಲದ ಮೇಲೆ ಮಂಡಿ ಹಾಕಿ ತಿರುಗುವ ಕುಣಿತ. ಎರಡರಲ್ಲಿ ಯಾವುದು ಹೆಚ್ಚು ಅನ್ನುವ ವಾದಕ್ಕೆ ಹೋಗಬೇಡಿ. ರಾಕ್ಷಸ ವೇಷದ ಅಬ್ಬರ ನೋಡಬೇಕು ಅಂತಿದ್ದರೆ ತೆಂಕು, ಭಾವಾಭಿನಯ ಮತ್ತು ಕುಣಿತದ ನಯ ಬೇಕಿದ್ದರೆ ಬಡಗು ಮೊದಲು ನೋಡಿ.

ಇನ್ನೊಂದು ಭೇದ ಇದಕ್ಕಿಂತ ಮುಖ್ಯ. ಕಟೀಲು, ಧರ್ಮಸ್ಥಳ, ಮಂದಾರ್ತಿ, ಮಾರಣಕಟ್ಟೆಯಂಥ ಕ್ಷೇತ್ರಗಳ ಮೇಳಗಳು ಹರಕೆ ಆಟ ಆಡುತ್ತವೆ. ಒಂದು ಮನೆಯವರೋ ಊರಿನವರೋ ಹರಕೆ ಹೊತ್ತು ಆಡಿಸುವ ಆಟ ಇದು. ಯಾರು ಬೇಕಾದರೂ ಬಂದು ನೋಡಬಹುದು, ಟಿಕೆಟ್ ಇಲ್ಲ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟಕ್ಕೆ ಟಿಕೆಟ್ ಇರುತ್ತದೆ, ಕುರ್ಚಿಯೂ ಸಿಗುತ್ತದೆ. ಊಟ, ಪೂಜೆ, ಸಂತೆ, ಆಟ ಎಲ್ಲ ಒಂದೇ ಬಯಲಿನಲ್ಲಿ ಸಿಗುವುದು ಹರಕೆ ಆಟದಲ್ಲಿ. ಹೊರಗಿನಿಂದ ಬರುವವರಿಗೆ ನನ್ನ ಮೊದಲ ಆಯ್ಕೆ ಅದೇ.

ಒಂದು ಎಚ್ಚರಿಕೆ: ರೆಸಾರ್ಟ್‌ನಲ್ಲಿ ಊಟದ ನಡುವೆ ಇಪ್ಪತ್ತು ನಿಮಿಷ ಕುಣಿಸುವ ಕಾರ್ಯಕ್ರಮ ನೋಡಿ "ಯಕ್ಷಗಾನ ಆಯ್ತು" ಅಂತ ಪಟ್ಟಿಯಲ್ಲಿ ಗುರುತು ಹಾಕಬೇಡಿ. ಅಲ್ಲಿ ವೇಷ ಇರುತ್ತದೆ, ಕಥೆ ಇರುವುದಿಲ್ಲ.

3. ತಾರೀಕು ಮತ್ತು ಜಾಗ ಖಚಿತ ಮಾಡಿಕೊಳ್ಳಿ

ಕರಾವಳಿಯ ಕನ್ನಡ ದಿನಪತ್ರಿಕೆಗಳಲ್ಲಿ ಅಂದಂದಿನ ಆಟಗಳ ಪಟ್ಟಿ ಬರುತ್ತದೆ. ಯಾವ ಮೇಳ, ಯಾವ ಊರು, ಯಾವ ಪ್ರಸಂಗ (ಆಡುವ ಕಥೆ) ಅಂತ ಒಂದೊಂದು ಸಾಲು. ಊರಿನ ಪರಿಚಯದವರು ಇದ್ದರೆ ವಾಟ್ಸಾಪ್‌ನಲ್ಲಿ ಓಡಾಡುವ ಪೋಸ್ಟರ್ ಕಳಿಸಿ ಅಂತ ಕೇಳಿ. ಹರಕೆ ಆಟಗಳು ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ. ಹಾಗಾಗಿ ಮುಂದಿನ ವಾರದ್ದು ಇವತ್ತೇ ಗೊತ್ತಾಗುವುದು ಕಷ್ಟವಲ್ಲ.

ತೊಂದರೆ ಆಗುವುದು ಜಾಗದಲ್ಲಿ. ಪೋಸ್ಟರ್‌ನಲ್ಲಿ "ಇಂಥ ಮನೆ ವಠಾರ" ಅಥವಾ "ಇಂಥ ಗದ್ದೆ" ಅಂತ ಇರುತ್ತದೆ. ಅದು ಮ್ಯಾಪ್‌ನಲ್ಲಿ ಸಿಗುವುದಿಲ್ಲ, ಅಥವಾ ಅದೇ ಹೆಸರಿನ ಬೇರೆ ಊರು ತೋರಿಸುತ್ತದೆ. ಹತ್ತಿರದ ಪೇಟೆಯ ಹೆಸರು, ಶಾಲೆಯ ಹೆಸರು, ಬಸ್ ಸ್ಟಾಪಿನ ಹೆಸರು ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಪೇಟೆಗೆ ಬಂದ ಮೇಲೆ ರಿಕ್ಷಾ ಸ್ಟ್ಯಾಂಡಿನಲ್ಲಿ "ಇವತ್ತು ಆಟ ಎಲ್ಲಿ ಉಂಟು?" ಅಂತ ಕೇಳಿದರೆ ಸಾಕು. "ಯಕ್ಷಗಾನ ಪ್ರದರ್ಶನ" ಅಂತೆಲ್ಲ ಕೇಳುವ ಅಗತ್ಯ ಇಲ್ಲ.

ಪೋಸ್ಟರ್‌ನಲ್ಲಿ ಮೇಳದ ಹೆಸರು, ಪ್ರಸಂಗದ ಹೆಸರು, ಆಡಿಸುವವರ ಹೆಸರು ಮೂರೂ ಇರಬೇಕು. ಯಾವುದೂ ಇಲ್ಲದೆ ಬರೀ "ಅದ್ಧೂರಿ ಯಕ್ಷಗಾನ" ಅಂತಿದ್ದರೆ ಇನ್ನೊಮ್ಮೆ ವಿಚಾರಿಸಿ. ಹರಕೆ ಆಟಕ್ಕೆ "ಪ್ರವೇಶ ಮಾಡಿಸಿಕೊಡ್ತೇನೆ, ಇಷ್ಟು ಕೊಡಿ" ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಅದಕ್ಕೆ ಪ್ರವೇಶ ಶುಲ್ಕವೇ ಇಲ್ಲ.

4. ವಾಪಸ್ ಬರುವ ದಾರಿ ಮೊದಲೇ ಗೊತ್ತು ಮಾಡಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹಿಂದೆ ಆಟ ಅಂದರೆ ಬೆಳಗಿನವರೆಗೆ. ಈಗ ಹಲವು ಮೇಳಗಳ ಆಟ ಕಾಲಮಿತಿಯದು, ಸಂಜೆ ಶುರುವಾಗಿ ನಡುರಾತ್ರಿ 12ರ ಆಸುಪಾಸಿಗೆ ಮುಗಿಯುತ್ತದೆ. ಹೊರಗಿನವರಿಗೆ ಇದೇ ಸುಲಭ ಅನ್ನಿಸುತ್ತದೆ, ಅಲ್ವಾ? ವಾಹನ ಇಲ್ಲದಿದ್ದರೆ ಇದೇ ಕಷ್ಟ. ಮಂಗಳ ಹಾಡಿದ ಹತ್ತು ನಿಮಿಷಕ್ಕೆ ಬಯಲು ಖಾಲಿಯಾಗುತ್ತದೆ, ಊರಿನವರು ಬೈಕು ಹತ್ತಿ ಹೋಗುತ್ತಾರೆ, ಒಳ ಊರಿನಿಂದ ಪೇಟೆಗೆ ಆ ಹೊತ್ತಿಗೆ ಬಸ್ ಇರುವುದಿಲ್ಲ. ಇಡೀ ರಾತ್ರಿಯ ಆಟವಾದರೆ ಬೆಳಗಿನ ಮೊದಲ ಬಸ್ಸಿಗೆ ಹತ್ತಬಹುದು.

ಹಾಗಾಗಿ ತಾರೀಕಿನ ಜೊತೆಗೇ ಕೇಳಬೇಕಾದ ಪ್ರಶ್ನೆ: "ಕಾಲಮಿತಿಯಾ, ಬೆಳಗಿನವರೆಗಾ?" ಕಾಲಮಿತಿ ಆದರೆ ಹೋಗುವಾಗಲೇ ಒಬ್ಬ ರಿಕ್ಷಾದವರನ್ನು ವಾಪಸ್‌ಗೂ ಗೊತ್ತು ಮಾಡಿ, ಬಾಡಿಗೆ ಮಾತಾಡಿ, ನಂಬರ್ ತೆಗೆದುಕೊಳ್ಳಿ. ರೂಮನ್ನು ಇದೆಲ್ಲ ಆದ ಮೇಲೆ, ಆಟದ ಊರಿಗೆ ಹತ್ತಿರದ ಪೇಟೆಯಲ್ಲಿ ಮಾಡಿ. ಮಂಗಳೂರಿನಲ್ಲೋ ಉಡುಪಿಯಲ್ಲೋ ರೂಮು ಮಾಡಿ ಒಳನಾಡಿನ ಆಟಕ್ಕೆ ಹೋದರೆ ಅರ್ಧ ರಾತ್ರಿ ರಸ್ತೆಯಲ್ಲೇ ಕಳೆಯುತ್ತದೆ. ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಲಾಡ್ಜಿನಲ್ಲಿ ಕೇಳಲು ಮರೆಯಬೇಡಿ.

5. ಕಥೆ ಓದಿಕೊಂಡು ಹೋಗಿ

ನಿದ್ದೆ ಬರುವುದಕ್ಕೆ ಮುಖ್ಯ ಕಾರಣ ರಾತ್ರಿಯಲ್ಲ, ಕಥೆ ಗೊತ್ತಿಲ್ಲದಿರುವುದು. ಸಭೆಯಲ್ಲಿ ಕೂತ ಅಜ್ಜಿಗೂ ಮಗುವಿಗೂ ಕಥೆ ಮೊದಲೇ ಗೊತ್ತಿರುತ್ತದೆ. ಅವರು ನೋಡುವುದು ಇವತ್ತಿನ ಅಭಿಮನ್ಯು ಹೇಗೆ ಮಾಡುತ್ತಾನೆ ಅನ್ನುವುದನ್ನು. ನೀವು "ಇವನು ಯಾರು" ಅಂತ ಹುಡುಕುತ್ತಾ ಕೂತರೆ ಅವರ ಜೊತೆ ಸೇರಲು ಆಗುವುದಿಲ್ಲ.

ಹಿಂದಿನ ದಿನ ಅರ್ಧ ಗಂಟೆ ಕೊಡಿ ಸಾಕು. ದೇವಿ ಮಹಾತ್ಮೆ ಆದರೆ ಮಧು ಕೈಟಭರು, ಮಹಿಷಾಸುರ, ಚಂಡ ಮುಂಡರು, ರಕ್ತಬೀಜ, ಶುಂಭ ನಿಶುಂಭರು ಈ ಸರಣಿ ತಲೆಯಲ್ಲಿರಲಿ. ಒಬ್ಬೊಬ್ಬರದೂ ಪ್ರವೇಶ, ಯುದ್ಧ, ವಧೆ ಅಂತ ಆಟ ಮುಂದೆ ಹೋಗುತ್ತದೆ. ಮೊದಲ ಸಲಕ್ಕೆ ಇದು ಒಳ್ಳೆಯ ಪ್ರಸಂಗ, ಕಣ್ಣಿಗೇ ತುಂಬಾ ಕೆಲಸ ಇರುತ್ತದೆ. ಕೃಷ್ಣ ಸಂಧಾನದಂಥದ್ದು ಮಾತಿನ ಪ್ರಸಂಗ. ಕನ್ನಡ ಓದುವ ರುಚಿ ಇದ್ದವರು ಅದನ್ನೂ ಬಿಡಬೇಡಿ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕಥೆಯಂಥವು ತುಳುವಿನಲ್ಲಿ ಇರುವುದುಂಟು. ಭಾಷೆ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

6. ಚೀಲಕ್ಕೆ ಏನು ಹಾಕಬೇಕು

ಒಂದು ಚಾಪೆ ಅಥವಾ ದಪ್ಪ ಬೆಡ್‌ಶೀಟು, ತಲೆಗೂ ಕಿವಿಗೂ ಸುತ್ತಿಕೊಳ್ಳಲು ಶಾಲು, ಟಾರ್ಚು, ನೀರು, ಸೊಳ್ಳೆಗೆ ಹಚ್ಚುವ ಮುಲಾಮು, ಚಿಲ್ಲರೆ ದುಡ್ಡು. ಡಿಸೆಂಬರ್, ಜನವರಿಯಲ್ಲಿ ಮೂರು ಗಂಟೆ ಹೊತ್ತಿಗೆ ಬಯಲಿನಲ್ಲಿ ಇಬ್ಬನಿ ಬಿದ್ದು ಚಾಪೆಯೇ ಒದ್ದೆಯಾಗುತ್ತದೆ. "ಕರಾವಳಿಯಲ್ಲಿ ಚಳಿ ಎಲ್ಲಿ" ಅಂದುಕೊಂಡು ಬರೀ ಅಂಗಿಯಲ್ಲಿ ಬಂದವರು ಒಂದು ಗಂಟೆಗೇ ಎದ್ದು ಹೋಗುತ್ತಾರೆ. ಪ್ಯಾಕ್ ಮಾಡಲಾಗದ್ದು ಒಂದೇ, ನಿದ್ದೆ. ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಮಲಗಲೇಬೇಕು. ಇಡೀ ದಿನ ದೇವಸ್ಥಾನ, ಬೀಚು ಸುತ್ತಿ ರಾತ್ರಿ ಆಟಕ್ಕೆ ಬರುವ ಪ್ಲಾನ್ ಹಾಕಬೇಡಿ.

7. ಬೇಗ ಹೋಗಿ, ಚೌಕಿ ನೋಡಿ, ಊಟ ಮಾಡಿ

ಆಟ ಶುರುವಾಗುವುದಕ್ಕೆ ಒಂದೂವರೆ ಗಂಟೆಯಾದರೂ ಮೊದಲು ಅಲ್ಲಿರಿ. ರಂಗಸ್ಥಳದ ಹಿಂದೆಯೋ ಪಕ್ಕದಲ್ಲೋ ಚೌಕಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ, ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ಇರುವವರನ್ನು "ನೋಡಬಹುದಾ" ಅಂತ ಕೇಳಿ ಒಳಗೆ ಹೋಗಿ. ಬೇಡ ಅಂದರೆ ಸುಮ್ನೆ ವಾಪಸ್ ಬನ್ನಿ.

ಒಳಗೆ ಪೆಟ್ಟಿಗೆಗಳ ಮುಂದೆ ಕಲಾವಿದರು ಸಾಲಾಗಿ ಕೂತು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಿರುತ್ತಾರೆ. ತೆಂಕುತಿಟ್ಟಾದರೆ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಎಲ್ಲಿದ್ದಾರೆ ಅಂತ ಹುಡುಕಿ. ಅಕ್ಕಿ ಮತ್ತು ಸುಣ್ಣ ಸೇರಿಸಿ ಅರೆದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಬಣ್ಣ ಹಚ್ಚಿದ ಮುಖದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎಬ್ಬಿಸುತ್ತಾರೆ. ಅದಕ್ಕೆ ಚಿಟ್ಟಿ ಇಡುವುದು ಅನ್ನುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಪಕ್ಕ ಇನ್ನೊಂದು ಸಾಲು. ಹುಬ್ಬಿನಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಬರುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ. ಆ ಹೊತ್ತಿನಲ್ಲಿ ಅವರ ಜೊತೆ ಮಾತಿಗಿಳಿಯಬೇಡಿ, ಕೆನ್ನೆ ಅಲುಗಿದರೆ ಚಿಟ್ಟಿ ಉದುರುತ್ತದೆ. ಕಿರೀಟ, ಗೆಜ್ಜೆ ಮುಟ್ಟಬೇಡಿ. ತಲೆಗೆ ಇಟ್ಟುಕೊಂಡು ಫೋಟೋ ತೆಗೆಸುವ ಆಸೆ ಅಂತೂ ಬೇಡವೇ ಬೇಡ. ಅದು ಪೂಜೆ ಮಾಡುವ ವಸ್ತು.

ಚೌಕಿಯಲ್ಲಿ ದೇವರನ್ನು ಇಟ್ಟು ಪೂಜೆ ಮಾಡುತ್ತಾರೆ. ಆ ಹೊತ್ತಿಗೆ ಅಲ್ಲೇ ಇದ್ದರೆ ಪಕ್ಕಕ್ಕೆ ಸರಿದು ನಿಲ್ಲಿ, ಪ್ರಸಾದ ಕೊಟ್ಟರೆ ತೆಗೆದುಕೊಳ್ಳಿ.

ಆಮೇಲೆ ಊಟ. ಹರಕೆ ಆಟದಲ್ಲಿ ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಹಾಕುವುದು ರೂಢಿ. "ನಮಗೆ ಪರಿಚಯ ಇಲ್ಲ" ಅಂತ ಹಿಂದೆ ನಿಲ್ಲಬೇಡಿ. ಕರೆದರೆ ಹೋಗಿ ಉಣ್ಣುವುದೇ ಮರ್ಯಾದೆ. ಅನ್ನ, ಸಾರು, ತೆಂಗಿನಕಾಯಿ ಹಾಕಿದ ಪಲ್ಯ, ಪಾಯಸ, ಮಜ್ಜಿಗೆ ಇರುತ್ತದೆ. ಬೇಕಾದಷ್ಟೇ ಹಾಕಿಸಿಕೊಳ್ಳಿ, ಬಿಡಬೇಡಿ. ಹೊಟ್ಟೆ ಬಿರಿಯುವಷ್ಟು ಉಂಡರೆ ಎಂಟು ಗಂಟೆಗೇ ಕಣ್ಣು ಎಳೆಯುತ್ತದೆ. ಇನ್ನೊಂದು, ಮೀನೂಟದ ಆಸೆಯನ್ನು ಮರುದಿನಕ್ಕೆ ಇಡಿ. ಇದು ದೇವರ ಸೇವೆಯ ಆಟ. ಚೌಕಿಯ ಪೂಜೆಗೆ ಹೋಗುವ ದಿನ ಸಸ್ಯಾಹಾರ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

8. ಎಲ್ಲಿ ಕೂರಬೇಕು, ಹೇಗೆ ಕೇಳಬೇಕು

ಸ್ಪೀಕರ್ ಮುಂದೆ ಕೂರಬೇಡಿ. ಚೆಂಡೆಯ ಏಟು ಸ್ಪೀಕರಿನಿಂದ ಕಿವಿಗೆ ಬಡಿದರೆ ಭಾಗವತರ ಹಾಡು ಕೇಳಿಸುವುದೇ ಇಲ್ಲ, ತಲೆನೋವು ಮಾತ್ರ ಉಳಿಯುತ್ತದೆ. ರಂಗಸ್ಥಳಕ್ಕೆ ನೇರ ಎದುರಿಗೆ, ನಾಲ್ಕೈದು ಸಾಲು ಹಿಂದೆ, ಕಲಾವಿದರ ಕಾಲು ಕಾಣುವ ಹಾಗೆ ಜಾಗ ಹಿಡಿಯಿರಿ. ನಡುವೆ ಬಿಟ್ಟಿರುವ ದಾರಿಯಲ್ಲಿ ಚಾಪೆ ಹಾಸಬೇಡಿ. ಅದು ಯಾಕೆ ಅಂತ ನಡುರಾತ್ರಿಗೆ ಗೊತ್ತಾಗುತ್ತದೆ.

ಮೊದಲು ಚೆಂಡೆ, ಮದ್ದಳೆ ಬಾರಿಸಿ ಊರಿಗೆ ಆಟ ಉಂಟು ಅಂತ ತಿಳಿಸುತ್ತಾರೆ. ಆಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಹೀಗೆ ಪೂರ್ವರಂಗ. ಹೊಸಬರು ಇದನ್ನೇ ಕಥೆ ಅಂದುಕೊಂಡು ಗಲಿಬಿಲಿ ಆಗುತ್ತಾರೆ. ಇಲ್ಲಿ ಕಥೆ ಹುಡುಕಬೇಡಿ, ತಾಳಕ್ಕೆ ಕಿವಿ ಹೊಂದಿಸಿಕೊಳ್ಳಿ. ಕಾಲಮಿತಿಯಲ್ಲಿ ಈ ಭಾಗ ಚುಟುಕಾಗಿರುತ್ತದೆ.

ಪ್ರಸಂಗ ಶುರುವಾದ ಮೇಲೆ ಹಿಡಿಯಬೇಕಾದ ದಾರ ಇದು: ಭಾಗವತರು ಪದ್ಯ ಹೇಳುತ್ತಾರೆ, ಅದಕ್ಕೆ ವೇಷ ಕುಣಿಯುತ್ತದೆ, ಪದ್ಯ ಮುಗಿದ ಮೇಲೆ ಅದೇ ಪದ್ಯದ ವಿಷಯ ಹಿಡಿದು ಅರ್ಥ ಹೇಳುತ್ತಾರೆ. ಮತ್ತೆ ಪದ್ಯ, ಕುಣಿತ, ಅರ್ಥ. ಪದ್ಯದಲ್ಲಿ ಒಂದು ಶಬ್ದವೂ ಗೊತ್ತಾಗಲಿಲ್ಲ ಅಂದರೆ ಚಿಂತೆ ಬೇಡ, ಮಾತಿನಲ್ಲಿ ಎಲ್ಲ ಬಿಡಿಸಿ ಬರುತ್ತದೆ. ಈ ಮಾತಿಗೆ ಬರೆದಿಟ್ಟ ಸಂಭಾಷಣೆ ಇಲ್ಲ. ಕಲಾವಿದರು ಆ ಕ್ಷಣಕ್ಕೆ ಕಟ್ಟಿ ಆಡುತ್ತಾರೆ. ಎದುರಿನವನು ಒಂದು ಎಳೆ ಎತ್ತಿದರೆ ಇವನು ಅದೇ ಎಳೆಯಿಂದ ಉತ್ತರ ಕೊಡಬೇಕು. ಹೊರಗಿನವರು ಕುಣಿತ ನಿಂತ ಕೂಡಲೇ ಮೊಬೈಲ್ ತೆಗೆಯುತ್ತಾರೆ, ನನಗೆ ಬೇಸರ ಆಗುವುದೇ ಇಲ್ಲಿ. ಕನ್ನಡ ಗೊತ್ತಿರುವವರಿಗೆ ಮಾತ್ರ ಸಿಗುವ ಸುಖ ಅದು. ಒಂದು ಇಂಗ್ಲಿಷ್ ಪದ ಇಲ್ಲದೆ ಅಷ್ಟು ಹೊತ್ತು ಕನ್ನಡ ಹರಿಯುವುದನ್ನು ಕೇಳಿ.

ಹಿಮ್ಮೇಳದಲ್ಲಿ, ಅಂದರೆ ಹಾಡು ಮತ್ತು ವಾದ್ಯದಲ್ಲಿ, ಒಂದು ಗುರುತು ಇಟ್ಟುಕೊಳ್ಳಿ. ಮದ್ದಳೆ ಮಾತ್ರ ನುಡಿಯುತ್ತಿದ್ದರೆ ಶೃಂಗಾರವೋ ಕರುಣವೋ ನಡೆಯುತ್ತಿದೆ. ಚೆಂಡೆ ಸೇರಿತು ಅಂದರೆ ವೀರ, ರೌದ್ರ, ಯುದ್ಧ, ಇಲ್ಲವೇ ದೊಡ್ಡ ವೇಷದ ಪ್ರವೇಶ. ಕಣ್ಣು ಮುಚ್ಚಿಕೊಂಡಿದ್ದರೂ ಯಾವಾಗ ತೆರೆಯಬೇಕು ಅಂತ ಇದರಿಂದ ಗೊತ್ತಾಗುತ್ತದೆ.

9. ನಡುರಾತ್ರಿ ದಾಟುವುದು

ಹಾಸ್ಯದ ಭಾಗ ಬಂದಾಗ ಎದ್ದು ಹೋಗುವವರಿದ್ದಾರೆ. ನನ್ನ ಸಲಹೆ ಬೇರೆ: ಯುದ್ಧ ಮುಗಿದು ಮುಂದಿನ ಸನ್ನಿವೇಶ ಇನ್ನೂ ಕಾವೇರದ ಹೊತ್ತಿನಲ್ಲಿ ಎದ್ದು ಸಂತೆ ಕಡೆ ಹೋಗಿ. ಬಯಲಿನ ಅಂಚಿಗೆ ಅಂಗಡಿ ಸಾಲು ಇರುತ್ತದೆ. ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆ, ಚಟ್ಟಂಬಡೆ, ಚುರುಮುರಿ, ಚಾ. ತಣ್ಣಗಾಗಿ ರಾಶಿ ಬಿದ್ದಿರುವ ಬಜೆ ತೆಗೆದುಕೊಳ್ಳಬೇಡಿ, ಅದು ಎಣ್ಣೆ ಕುಡಿದಿರುತ್ತದೆ. ಎಣ್ಣೆ ಕಪ್ಪಾಗಿ ಹೊಗೆ ಏಳುತ್ತಿದ್ದರೆ ಚಾ ಕುಡಿದು ಮುಂದೆ ಹೋಗಿ.

ತೆಂಕಿನ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಜನರ ಹಿಂದಿನಿಂದ, ದೊಂದಿ ಹಿಡಿದವರ ನಡುವೆ, ಆರ್ಭಟ ಹಾಕುತ್ತಾ. ನಡುವಿನ ದಾರಿ ಬಿಟ್ಟಿದ್ದು ಇದಕ್ಕೆ. ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳಿ. ಬೆಂಕಿಯ ಹತ್ತಿರ ಸೆಲ್ಫಿಗೆ ನುಗ್ಗಬೇಡಿ, ಶಾಲಿನ ತುದಿ ಒಳಗೆ ಸಿಕ್ಕಿಸಿಕೊಳ್ಳಿ. ಫ್ಲ್ಯಾಶ್ ಹಾಕುವುದು ಯಾವ ಹೊತ್ತಿಗೂ ಸರಿಯಲ್ಲ, ಆ ತೂಕದ ವೇಷ ಹೊತ್ತು ಓಡುವವರಿಗೆ ಕಣ್ಣು ಕತ್ತಲೆ ಬರುತ್ತದೆ.

ನಿದ್ದೆ ತಡೆಯಲಾಗದಿದ್ದರೆ ಮಲಗಿ. ಅದು ಅವಮಾನವೇನೂ ಅಲ್ಲ. ಊರಿನವರೂ ಚಾಪೆಯಲ್ಲಿ ಒಂದು ಗಂಟೆ ಕಣ್ಣು ಮುಚ್ಚಿ, ಚೆಂಡೆ ಜೋರಾದಾಗ ಏಳುತ್ತಾರೆ. ಎದ್ದು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಮಂಗಳ ಹಾಡುವವರೆಗೆ ಇದ್ದು, ಆಡಿಸಿದ ಮನೆಯವರಿಗೆ ಒಂದು ಮಾತು ಹೇಳಿ ಹೊರಡಿ.

10. ಮರುದಿನ

ಬೆಳಿಗ್ಗೆ ಊರಿನ ಸಣ್ಣ ಹೋಟೆಲಿಗೆ ಹೋಗಿ. ಬನ್ಸ್, ನೀರ್‌ದೋಸೆ, ಪುಂಡಿ ಇದ್ದರೆ ಬೇರೆ ಏನೂ ಕೇಳಬೇಡಿ. ನೀರ್‌ದೋಸೆಯನ್ನು ಬಿಸಿಬಿಸಿ ತಿನ್ನಬೇಕು, ಪಾರ್ಸೆಲ್ ಕಟ್ಟಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮಧ್ಯಾಹ್ನಕ್ಕೆ ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು. ಸಾರನ್ನು ಎಲ್ಲ ರೊಟ್ಟಿಯ ಮೇಲೂ ಒಟ್ಟಿಗೆ ಸುರಿಯುವುದು ಹೊಸಬರ ತಪ್ಪು. ಒಂದಿಷ್ಟು ಮುರಿದು, ಅದರ ಮೇಲೆ ಮಾತ್ರ ಹಾಕಿ, ಅರೆ ಮೆತ್ತಗಾದಾಗ ತಿನ್ನಿ.

ಶನಿವಾರ, ಭಾನುವಾರ ಆದರೆ ಹತ್ತಿರದಲ್ಲಿ ಕಂಬಳ ಉಂಟಾ ವಿಚಾರಿಸಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಾಂತ್ಯಕ್ಕೆ ಒಂದಲ್ಲ ಒಂದು ಕಡೆ ಇರುತ್ತದೆ. ಕೋಣ ಓಡುವ ಕೆಸರಿನ ಕರೆಯ ಅಂಚಿಗೆ ನಿಲ್ಲಬೇಡಿ. ಕೋಣಗಳು ಗುರಿ ಮುಟ್ಟಿದ ಮೇಲೂ ಓಟ ತಕ್ಷಣ ನಿಲ್ಲುವುದಿಲ್ಲ, ಹಾಗಾಗಿ ಓಟ ಮುಗಿಯುವ ತುದಿಯಾದ ಮಂಜೊಟ್ಟಿ ಕಡೆಯಿಂದ ದೂರ ಇರಿ. ಕನೆಹಲಗೆ ವಿಭಾಗ ಬಿಡಬೇಡಿ, ಅದರಲ್ಲಿ ಓಟದ ವೇಗಕ್ಕಿಂತ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆ ಮುಟ್ಟಿತಾ ಅನ್ನುವುದು ಮುಖ್ಯ.

ಕೋಲ ನೋಡುವ ಆಸೆ ಇದ್ದರೆ

ಸಿನಿಮಾ ನೋಡಿ ಬಂದವರು ಇತ್ತೀಚೆಗೆ ಆಟಕ್ಕಿಂತ ಕೋಲದ, ಅಂದರೆ ದೈವದ ಆರಾಧನೆಯ, ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ಎರಡಕ್ಕೂ ಒಂದೇ ನಿಯಮ ಅಲ್ಲ. ಆಟಕ್ಕೆ ಪ್ರೇಕ್ಷಕರು ಬೇಕು, ಕೋಲಕ್ಕೆ ಭಕ್ತರು. ಅದು ಆ ಮನೆಯ, ಆ ಊರಿನ ಆರಾಧನೆ. ಊರಿನವರೊಬ್ಬರು ಕರೆದುಕೊಂಡು ಹೋದರೆ ಹೋಗಿ, ಅವರು ನಿಂತ ಕಡೆ ನಿಲ್ಲಿ. ಫೋಟೋ ಬೇಡ ಅಂದರೆ ಫೋನ್ ಜೇಬಿನಲ್ಲೇ ಇರಲಿ. ಚಪ್ಪಾಳೆ, ಶಿಳ್ಳೆ ಬೇಡ. ಹೊರಗೆ ಬಂದು ದೈವದ ಹಾಗೆ ಕೂಗಿ ಕುಣಿದು ವಿಡಿಯೋ ಮಾಡುವುದರಿಂದ ಇಲ್ಲಿಯ ಜನರಿಗೆ ನಿಜಕ್ಕೂ ನೋವಾಗುತ್ತದೆ. "ದುಡ್ಡು ಕೊಡಿ, ಯಾವ ದಿನ ಬಂದರೂ ಕೋಲ ತೋರಿಸ್ತೇವೆ" ಅನ್ನುವ ಪ್ಯಾಕೇಜ್ ಕಂಡರೆ ದೂರ ಇರಿ.

ಮಳೆಗಾಲದಲ್ಲೇ ಬರಬೇಕಾದರೆ

ಬಯಲಾಟ ಬಿಟ್ಟುಬಿಡಿ, ತಾಳಮದ್ದಳೆ ಹುಡುಕಿ. ವೇಷ, ಕುಣಿತ ಇಲ್ಲದೆ ಕೂತಲ್ಲೇ ನಡೆಯುವ ಪದ್ಯ ಮತ್ತು ಅರ್ಥ ಅದು. ದೇವಸ್ಥಾನದ ಸಭಾಂಗಣ, ಶಾಲೆ, ಮನೆಯ ಚಾವಡಿಯಲ್ಲಿ ಇರುತ್ತದೆ. ಪೇಟೆಗಳ ಸಭಾಭವನದಲ್ಲಿ ಕಾಲಮಿತಿ ಆಟಗಳೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನು ಕಡಿಮೆ, ಬೆಲೆ ಜಾಸ್ತಿ. ಅದರ ಬದಲು ಪತ್ರೊಡೆ ಕೇಳಿ, ಕೆಸುವಿನ ಎಲೆ ಚೆನ್ನಾಗಿ ಸಿಗುವ ಕಾಲ ಅದೇ. ತಿಂದ ಕೂಡಲೇ ಗಂಟಲು ತುರಿಸಿದರೆ ಎಲೆ ಸರಿಯಾಗಿ ಬೆಂದಿಲ್ಲ, ಇಲ್ಲವೇ ಹುಳಿ ಸಾಲದು ಅಂತ ಅರ್ಥ. ಎರಡನೇ ತುಂಡಿಗೆ ಕೈ ಹಾಕಬೇಡಿ.